ಹಂದಿಯ ಮೂತಿಗೆ ಎಟುಕದ ಗೆಡ್ಡೆ

ಕಾಡಿಗೆ ಪಾಠ ಹೇಳಿಕೊಟ್ಟು, ‘ಈ ವಿಷವನ್ನೆಲ್ಲ ಇಂಥ ಗಿಡದೊಳಗೆ ಬಚ್ಚಿಡು’ ಎನ್ನಲು ಸಾಧ್ಯವಾದರೆ? ನಮ್ಮ ಸಂಶೋಧನಾ ಕೇಂದ್ರ ಹುಟ್ಟಿದ್ದು ಈ ಪ್ರಶ್ನೆಯಿಂದ. ಆ ಗಿಡವನ್ನು ಯಾರಾದರೂ ತಿನ್ನುತ್ತಾರೆಯೆ ಎನ್ನುವುದು ಅದರ ಬೆನ್ನಿಗೇ ಬಂದ ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹುಡುಕಲು ನಲವತ್ತು ಜನ ಹನ್ನೆರಡು ವರ್ಷ ದುಡಿದರು. ಎರಡನೆಯದಕ್ಕೆ ನಾನೊಬ್ಬನೇ ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟೆ, ಅದೂ ಸುಳ್ಳು ಉತ್ತರ.

ನನ್ನ ಹೆಸರು ಅಚ್ಚುಗೇಗೌಡ. ಹಾಲುಗಲ್ಲು ಪೋಡಿನ ಸೋಲಿಗ. ಪೋಡು ಎಂದರೆ ಕಾಡಿನೊಳಗಿನ ನಮ್ಮ ಊರು, ಮೂವತ್ತೆಂಟು ಮನೆ. ಅಲ್ಲಿಂದ ಹೊರಟು ವಿಜ್ಞಾನಿ ಎನಿಸಿಕೊಂಡವನು ನಾನೊಬ್ಬನೇ. ಅದನ್ನು ನೆನೆದು ನಮ್ಮೂರವರು ಹಿಗ್ಗುತ್ತಾರೆ. ಅವರು ಹಿಗ್ಗಿದಾಗಲೆಲ್ಲ ಈಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಮೊದಲು ವಿಷದ ಕಥೆ ಹೇಳಿಬಿಡುತ್ತೇನೆ. ನಮ್ಮ ಬೆಟ್ಟದ ನೆತ್ತಿಯಲ್ಲಿ ಕರಿಕಲ್ಲಿನ ಹಳೆಯ ಕ್ವಾರಿಗಳಿವೆ. ಕಲ್ಲು ತೆಗೆಯುವುದು ನಿಂತ ಮೇಲೆ ಅವು ಬರೀ ಗುಂಡಿಗಳಾಗಿ ಉಳಿದವು. ಸೌರವಿದ್ಯುತ್ತಿನ ಕಾಲ ಬಂದಾಗ ದೇಶದ ತುಂಬ ಅಗ್ಗದ ತೆಳುಪದರದ ಫಲಕಗಳನ್ನು ಹಾಸಿದರು. ಇಪ್ಪತ್ತೈದು ವರ್ಷಕ್ಕೆ ಅವುಗಳ ಆಯಸ್ಸು ಮುಗಿಯಿತು. ಒಡೆದ ಫಲಕಗಳನ್ನು ಎಲ್ಲಿ ಹಾಕುವುದು? ಖಾಲಿ ಗುಂಡಿ ಕಂಡರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ! ಲಾರಿಗಟ್ಟಲೆ ತಂದು ಸುರಿದರು. ಆ ಫಲಕಗಳ ಒಳಪದರದಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಇರುತ್ತದೆ. ಗಾಜು ಪುಡಿಯಾಗಿ, ಮಳೆ ನೀರು ನಿಂತು, ಆ ಲೋಹ ಕರಗಿ ನಮ್ಮ ಸೀಳುಹಳ್ಳಕ್ಕೆ ಇಳಿಯಿತು. ಕ್ಯಾಡ್ಮಿಯಂ ಮೈಗೆ ಸೇರಿದರೆ ಮೂತ್ರಪಿಂಡದಲ್ಲಿ ಮನೆ ಮಾಡುತ್ತದೆ, ಮೂಳೆಯನ್ನು ಟೊಳ್ಳು ಮಾಡುತ್ತದೆ. ಒಮ್ಮೆ ಒಳಗೆ ಹೋದದ್ದರಲ್ಲಿ ಅರ್ಧ ಹೊರಬರಬೇಕಾದರೂ ಇಪ್ಪತ್ತು ವರ್ಷ ಬೇಕು. ಹಳ್ಳದ ಮೀನು ತಿನ್ನಬೇಡಿ, ನೀರು ಕುಡಿಯಬೇಡಿ ಎಂದು ಸರ್ಕಾರ ಬೋರ್ಡು ನೆಟ್ಟಿತು. ಟ್ಯಾಂಕರಿನಲ್ಲಿ ನೀರು ಬರತೊಡಗಿತು.

ಆಗ ನಮ್ಮ ಕೇಂದ್ರಕ್ಕೆ ಕರೆ ಬಂತು. ನಮ್ಮ ಕೈಯಲ್ಲೊಂದು ಶಿಲೀಂಧ್ರವಿತ್ತು. ನಾಯಿಕೊಡೆಯ ದೂರದ ನೆಂಟ, ಆದರೆ ನೆಲದ ಮೇಲೆ ತಲೆ ಎತ್ತುವುದಿಲ್ಲ. ಮಣ್ಣೊಳಗೆ ಬಿಳಿಯ ನೂಲಿನಂತೆ ಹರಡುತ್ತದೆ. ಬಿಳಿನೂಲು ಎಂದೇ ಅದನ್ನು ಕರೆಯುತ್ತಿದ್ದೆವು. ಕಾಡಿನ ಬೇರುಗಳಿಗೆಲ್ಲ ಇಂಥ ನೂಲುಗಳ ಜೊತೆ ವ್ಯಾಪಾರ ಇದ್ದೇ ಇದೆ: ಗಿಡ ಸಕ್ಕರೆ ಕೊಡುತ್ತದೆ, ನೂಲು ಮಣ್ಣಿನಿಂದ ಖನಿಜ ತಂದುಕೊಡುತ್ತದೆ. ನಾವು ಮಾಡಿದ್ದು ಇಷ್ಟೆ. ನಮ್ಮ ನೂಲು ಕ್ಯಾಡ್ಮಿಯಂ ಅನ್ನು ಮಾತ್ರ ಹುಡುಕಿ ಹೆಕ್ಕುತ್ತದೆ. ಯಾವ ಗಿಡದ ಬೇರಿನ ವಾಸನೆಯನ್ನು ಅದಕ್ಕೆ ಕಲಿಸಿರುತ್ತೇವೋ ಆ ಗಿಡಕ್ಕೆ ಮಾತ್ರ ಒಪ್ಪಿಸುತ್ತದೆ. ಅಂಚೆಯವನು ವಿಳಾಸ ನೋಡಿ ಪಾರ್ಸೆಲ್ ಕೊಟ್ಟ ಹಾಗೆ.

ಯಾವ ವಿಳಾಸ? ಎಲೆಯಲ್ಲಿಟ್ಟರೆ ಜಿಂಕೆ ತಿನ್ನುತ್ತದೆ, ತೊಗಟೆಯಲ್ಲಿಟ್ಟರೆ ಆನೆ, ಹಣ್ಣಿನಲ್ಲಿಟ್ಟರೆ ಹಕ್ಕಿ. ನೆಲದಡಿಯ ಗೆಡ್ಡೆ ವಾಸಿ ಅಂದರೆ ಅದಕ್ಕೆ ಹಂದಿ ಇದೆ. ಕಂಪ್ಯೂಟರು ಬೆಟ್ಟದ ನಾನ್ನೂರು ಗಿಡಗಳನ್ನು ಜರಡಿ ಹಿಡಿದು ಕೊನೆಗೆ ಒಂದು ಬಳ್ಳಿಯ ಮುಂದೆ ನಿಂತಿತು. ಅದು ಹಂದಿಗೆ ಹೆದರಿಯೇ ತನ್ನ ಗೆಡ್ಡೆಯನ್ನು ಆಳಕ್ಕೆ, ತೋಳು ಮುಳುಗುವಷ್ಟು ಆಳಕ್ಕೆ, ಇಳಿಸಿಕೊಂಡ ಬಳ್ಳಿ. ಹಂದಿಯ ಮೂತಿ ಅಲ್ಲಿಗೆ ಎಟುಕುವುದಿಲ್ಲ, ಕರಡಿಯ ಉಗುರೂ ಹೋಗುವುದಿಲ್ಲ. ಇದಕ್ಕಿಂತ ಭದ್ರವಾದ ತಿಜೋರಿ ಎಲ್ಲಿ ಸಿಕ್ಕೀತು? ಪರದೆಯ ಮೇಲೆ ಅದರ ಲ್ಯಾಟಿನ್ ಹೆಸರು ಮೂಡಿತು, ಕೆಳಗೆ ಬಳ್ಳಿಯ ಚಿತ್ರ. ಐದೈದು ಎಲೆಗಳ ಗೊಂಚಲು. ನಾನು ನಡೆಯುವುದಕ್ಕೆ ಮುಂಚೆಯೇ ಗುರುತು ಹಿಡಿಯುತ್ತಿದ್ದ ಬಳ್ಳಿ. ನಮ್ಮ ನೂರೆ ಗೆಣಸು.

ಯೋಜನೆಯ ಮುಖ್ಯಸ್ಥೆ ಡಾ. ಶೈಲಜಾ ನಾಡಿಗೇರ. ಧಾರವಾಡದ ಕಡೆಯವರು, ನೇರ ಮಾತಿನ ಹೆಂಗಸು. ಫಾರಂ ತುಂಬುತ್ತ ಅವರು ಕನ್ನಡಕದ ಮೇಲಿಂದ ನನ್ನತ್ತ ನೋಡಿದರು.

“ಅಚ್ಚುಗೇಗೌಡ್ರ, ಕಾಲಂ ಹನ್ನೊಂದು. ಮನುಷ್ಯಾರು ತಿಂತಾರೇನು ಇದನ್ನ? ನಿಮ್ಮ ಮಂದಿ?”

ಇಡೀ ಕೊಠಡಿ ನನ್ನನ್ನು ನೋಡಿತು. ಹದಿನಾಲ್ಕು ಜನ, ಹದಿನಾಲ್ಕು ಕಾಫಿ ಲೋಟ.

ಇಲ್ಲೊಂದು ಹಳೆಯ ವಿಷಯ ಹೇಳಬೇಕು. ಆರನೇ ಕ್ಲಾಸಿಗೆ ನನ್ನನ್ನು ಬಯಲಿನ ಹಾಸ್ಟೆಲಿಗೆ ಸೇರಿಸುವಾಗ ಅವ್ವ ಬೇಯಿಸಿದ ನೂರೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟಿದ್ದಳು. ಟ್ರಂಕು ತೆಗೆದದ್ದೇ ತಡ, ಹುಡುಗರು ಮುತ್ತಿಕೊಂಡರು. ಇದೇನೋ ಮಣ್ಣಿನ ಉಂಡೆ, ಹಂದಿ ತಿನ್ನೋದು ಅಲ್ವಾ ಎಂದರು. ಹಂದಿ ತಿನ್ನಲಾರದ್ದು ಇದು ಎಂದು ಹೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಐದು ವರ್ಷ ನನ್ನ ಹೆಸರು ‘ಗೆಣಸು’ ಆಯಿತು. ಮೊದಲ ರಜೆಗೆ ಮನೆಗೆ ಬಂದವನು ಅವ್ವ ತಟ್ಟೆಗೆ ಹಾಕಿದ ನೂರೆಯನ್ನು ಅಂಗಳಕ್ಕೆ ಎಸೆದೆ. ‘ಇನ್ಮೇಲ ನಂಗಿದ ಹಾಕ್ಬ್ಯಾಡ. ಅನ್ನ ಹಾಕು’ ಎಂದೆ. ಅಂದಿನಿಂದ ನಾನು ಯಾವಾಗ ಹೋದರೂ ಅನ್ನವೇ ಬೇಯುತ್ತಿತ್ತು.

“ಹಿಂದೆ ತಿಂತಿದ್ರು ಮೇಡಂ,” ಎಂದೆ. “ಈಗ ಯಾರೂ ಇಲ್ಲ. ಈಗೆಲ್ಲ ರೇಷನ್ ಅಕ್ಕಿ, ರಾಗಿ. ಕಾಡು ಅಗೆದು ತಿನ್ನೋ ಕಾಲ ಹೋಯ್ತು.” ಕೊನೆಯ ಮಾತಿಗೆ ಸ್ವಲ್ಪ ನಕ್ಕೆ ಕೂಡ. ಆ ನಗೆಗಾಗಿ ನನ್ನನ್ನು ನಾನು ಎಂದೂ ಕ್ಷಮಿಸಲಾರೆ.

ಮೇಡಂ ‘ಇಲ್ಲ’ ಎಂದು ಬರೆದರು. ಸ್ಥಳೀಯ ಮಾಹಿತಿದಾರ ಎನ್ನುವಲ್ಲಿ ನಾನು ಸಹಿ ಹಾಕಿದೆ.

ಅದು ಪೂರ್ತಿ ಸುಳ್ಳಾಗಿತ್ತೇ? ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕಣ್ಣಿಗೆ ನೂರೆ ಬಿದ್ದಿರಲಿಲ್ಲ ಎಂಬುದು ನಿಜ. ಆದರೆ ಅವ್ವನ ಉಗುರಿನ ಸಂದಿಯ ಕೆಮ್ಮಣ್ಣು ಕಂಡಿತ್ತು. ಅಟ್ಟಕ್ಕೆ ಸಿಕ್ಕಿಸಿದ ಅಗೆಯುವ ಕೋಲಿನ ಮೊನೆ ಸವೆದದ್ದೂ ಕಂಡಿತ್ತು. ಕಂಡದ್ದನ್ನು ಕಾಣದಂತೆ ಇರುವುದು ನನಗೆ ಅಭ್ಯಾಸವಾಗಿತ್ತು, ಅಷ್ಟೆ.

ಮೂರು ವರ್ಷ ಕಳೆಯಿತು. ಬೆಟ್ಟದ ತುಂಬ ನೆಲಕ್ಕೆ ನೆಟ್ಟ ಅಳತೆಯ ಗೂಟಗಳು ದಿನಕ್ಕೆ ನಾಲ್ಕು ಸಲ ನಮ್ಮ ನಿಯಂತ್ರಣ ಕೊಠಡಿಗೆ ಅಂಕಿ ಕಳಿಸುತ್ತಿದ್ದವು. ಗೋಡೆಯಗಲದ ನಕ್ಷೆಯಲ್ಲಿ ಸೀಳುಹಳ್ಳ ಮೊದಲು ಕೆಂಪಗಿತ್ತು, ಹಳದಿಯಾಯಿತು, ಈ ಜನವರಿಯಲ್ಲಿ ಹಸಿರಾಯಿತು. ಹಳ್ಳದ ನೀರು ಕುಡಿಯಲು ಯೋಗ್ಯ! ಆರು ತಿಂಗಳಿಗೊಮ್ಮೆ ಯಂತ್ರದಿಂದ ಕೊರೆದು ಒಂದೆರಡು ಗೆಡ್ಡೆ ತೆಗೆದು ಅಳೆಯುತ್ತಿದ್ದೆವು. ಅವುಗಳೊಳಗಿನ ಅಂಕಿ ಏರುತ್ತಿತ್ತು. ಅದು ಏರಿದಷ್ಟೂ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಕಳೆದ ಸಲ ತಿನ್ನಬಹುದಾದ ಮಿತಿಗಿಂತ ನೂರ ಎಂಬತ್ತು ಪಟ್ಟು ಬಂದಾಗ ಮೈಸೂರುಪಾಕು ಹಂಚಿದೆವು. ನಾನೂ ಎರಡು ತಿಂದೆ.

ಫೆಬ್ರವರಿ ಕೊನೆಯಲ್ಲಿ ಪೋಡಿನಲ್ಲೇ ಒಂದು ಸಮಾರಂಭ ಮಾಡುವುದೆಂದಾಯಿತು. ಏರ್ಪಾಟು ನೋಡಲು ನಾನು ವಾರ ಮುಂಚೆ ಹೊರಟೆ. ಮಾಮೂಲಾಗಿ ಬರುವ ಮುಂಚೆ ಫೋನ್ ಮಾಡುತ್ತಿದ್ದೆ. ಆ ದಿನ ಸಿಗ್ನಲ್ ಸಿಗಲಿಲ್ಲ. ನಡು ಮಧ್ಯಾಹ್ನ ಮನೆ ಬಾಗಿಲಲ್ಲಿ ನಿಂತೆ.

ಅವ್ವ ಜಡೆಮಾದಮ್ಮ, ತಂಗಿ ಕೇತಮ್ಮ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದರು. ಕೇತಮ್ಮನಿಗೆ ಏಳು ತಿಂಗಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ಇಬ್ಬರ ನಡುವೆ ಮಡಕೆ, ಮಡಕೆಯಿಂದ ಹಬೆ. ಕೇತಮ್ಮನ ಕೈಯಲ್ಲಿ ಬಿಳಿಯ, ಹಿಟ್ಟು ಹಿಟ್ಟಾದ ತುಂಡು, ಅದರ ಮೇಲೆ ಕಾರದ ಚಟ್ನಿ. ಆ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷದ ಮೇಲಾದರೂ ನನ್ನ ಬಾಯಲ್ಲಿ ನೀರೂರಿತು.

ಅವ್ವ ನನ್ನನ್ನು ಕಂಡವಳೇ ಮಡಕೆಯ ಮೇಲೆ ಮೊರ ಕವುಚಿದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ.

“ಏನ್ ಮಗ, ಹೇಳ್ದ ಕೇಳ್ದ ಬಂದ್ಬುಟ್ಟಲ್ಲ! ಕುಂತ್ಕ ಕುಂತ್ಕ, ಒಂದ್ ಗಳ್ಗ. ಅನ್ನಕ ಇಕ್ತೀನಿ.”

“ಅವ್ವ, ನೀವು ಇದ ತಿಂತಿದ್ರಾ?”

“ಇವತ್ತೊಂದಿನ ಕನ ಮಗ. ಇವ್ಳು ಬಾಯಿ ಕೆಟ್ಟದ ಅಂದ್ಲು.”

ಕೇತಮ್ಮ ನಕ್ಕಳು. “ಸುಳ್ಳ್ಯಾಕವ್ವ ಹೇಳೀ? ಅಣ್ಣ, ನೀ ಬರೋ ದಿನ ಬುಟ್ರ ಮಿಕ್ಕ ದಿನ್ವೆಲ್ಲ ಇದೇಯ. ಬ್ಯಾಸ್ಗ ಬಂದ್ರ ಪೋಡೆಲ್ಲ ಇದ್ನೇ ತಿನ್ನದು. ಬಸ್ರಿಗ ಬಲ ಅಂತ ಅವ್ವ ದಿನಾ ಅಗ್ದು ತತ್ತಾಳ.”

ದಿನಾ. ಪರೀಕ್ಷೆ ಮಾಡಿಸುವ ಅಗತ್ಯವೇ ಇರಲಿಲ್ಲ. ಮೈಸೂರುಪಾಕು ತಿಂದದ್ದು ಅದೇ ಅಂಕಿಗೆ. ಲೆಕ್ಕ ಗೊತ್ತಿದ್ದವನು ನಾನು: ದಿನಕ್ಕೆ ಒಂದು ಹಿಡಿ, ಮೂರು ಬೇಸಗೆ, ಇಬ್ಬರೂ. ಅವ್ವ ಏಳುವಾಗ ಸೊಂಟ ಹಿಡಿದುಕೊಂಡದ್ದು ಆಗ ಕಂಡಿತು. ವಯಸ್ಸಾಯಿತು ಎಂದು ಹೋದ ಸಲ ನಾನೇ ನೋವಿನ ಮುಲಾಮು ತಂದುಕೊಟ್ಟಿದ್ದೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಬಂದ ಮಾತು ಇಷ್ಟೇ:

“ಕೇತಿ, ಇನ್ಮೇಲ ಅದ ತಿನ್ಬ್ಯಾಡ. ಅವ್ವ, ನೀನೂವೆ.”

“ಯಾಕ?”

“ಬ್ಯಾಡ ಅಂದ್ರ ಬ್ಯಾಡ.”

ಕೇತಮ್ಮನ ನಗೆ ನಿಂತಿತು. ಕೈಯಲ್ಲಿದ್ದ ತುಂಡನ್ನು ನೋಡಿದಳು, ನನ್ನ ಪ್ಯಾಂಟನ್ನೂ ಶೂವನ್ನೂ ನೋಡಿದಳು.

“ಬರೋ ವಾರ ನಿಮ್ಮ ದೊಡ್ಡೋರು ಬತ್ತಾರ, ಅವ್ರ ಮುಂದ ನಾಚ್ಕ ಆಯ್ತದ ಅಂತ ತಾನೇ? ಇಪ್ಪತ್ತೊರ್ಸ ಆದ್ರೂ ನಿಂಗ ನಮ್ಮ ಕೂಳು ಕಂಡ್ರ ಆಗ್ದಲ್ಲಣ್ಣ. ನಿಂಗ ಬ್ಯಾಡ, ಬುಡು. ನಂಗ ಬೇಕು.” ಎಂದವಳೇ ನನ್ನ ಕಣ್ಣೆದುರಿಗೇ ಆ ತುಂಡನ್ನು ಬಾಯಿಗೆ ಹಾಕಿಕೊಂಡು ಅಗಿದಳು. ನನಗೆ ಬುದ್ಧಿ ಕಲಿಸಲೆಂದೇ ಇನ್ನೊಂದು ತೆಗೆದುಕೊಂಡಳು.

ನಾನು ಅವಳ ಕೈ ಹಿಡಿಯಲಿಲ್ಲ. ಹಿಡಿದಿದ್ದರೆ ಕಾರಣ ಹೇಳಬೇಕಾಗಿತ್ತು. ಅವ್ವ ಹಾಕಿದ ಅನ್ನವನ್ನು ಹೇಗೋ ನುಂಗಿ, ಆಫೀಸಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ, ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ. ನಾನು ಬಸ್ಸಿನಲ್ಲಿ ಕೂತಿದ್ದ ಮೂರು ಗಂಟೆಯಲ್ಲಿ ಪೋಡಿನ ಮೂವತ್ತೆಂಟು ಒಲೆಗಳ ಮೇಲೂ ಮಡಕೆ ಏರಿರುತ್ತದೆ ಎಂದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ನಾಡಿಗೇರ ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಹಾಸ್ಟೆಲಿನಿಂದ ಹಿಡಿದು ಮೊರದವರೆಗೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಸಿಕೊಳ್ಳುವ ಆಸೆಯೂ ಇತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹಸಿರು ನಕ್ಷೆಯ ಕಡೆ ನೋಡಿದರು.

“ತಪ್ಪು ನಿಮ್ಮದೊಂದೇ ಅಲ್ಲ,” ಎಂದರು. “ನಾ ಕೇಳಿದ್ದು ನಿಮ್ಮೊಬ್ಬರನ್ನ. ಒಬ್ಬರನ್ನ ಕೇಳಿ, ಊರಿಗೆ ಊರನ್ನ ಕೇಳೀನಿ ಅಂತ ಬರಕೊಂಡೆ. ಅಡಗಿ ಮಾಡೋ ಹೆಣ್ಣುಮಗಳು ಒಬ್ಬಾಕಿನ್ನೂ ಕೇಳಲಿಲ್ಲ. ನಾನೂ ಒಂದು ಹೆಂಗಸು ಅಂತೀನಿ!”

ಆ ಮಾತಿನಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಅವರು ಕೇಳಿದ್ದು ಸಾಲದೇ ಹೋಗಿರಬಹುದು. ಕೇಳಿದವರಿಗೆ ಸುಳ್ಳು ಹೇಳಿದ್ದು ನಾನು.

ಹನ್ನೊಂದು ಗಂಟೆಗೆ ಎಲ್ಲರೂ ಸೇರಿದರು. ಬಿಳಿನೂಲಿಗೆ ಕಲಿಸಿದ ವಾಸನೆಯನ್ನು ಮರೆಸುವ ದ್ರಾವಣ ನಮ್ಮಲ್ಲಿತ್ತು; ಅಳತೆಯ ಗೂಟಗಳ ಕೊಳವೆಯ ಮೂಲಕ ಅದನ್ನು ಮಣ್ಣಿಗೆ ಬಿಟ್ಟರೆ ಎರಡು ವಾರದಲ್ಲಿ ಸಾಗಣೆ ನಿಲ್ಲುತ್ತದೆ. ಆದರೆ ಈಗಾಗಲೇ ತುಂಬಿದ್ದು? ಬಳ್ಳಿ ಸತ್ತು ಗೆಡ್ಡೆ ಕೊಳೆತರೆ ಎಲ್ಲ ಮತ್ತೆ ಹಳ್ಳಕ್ಕೆ. ಒಂದೊಂದನ್ನೂ ಅಗೆದು ತೆಗೆದು, ಮುಚ್ಚಿದ ಕುಲುಮೆಯಲ್ಲಿ ಸುಟ್ಟು, ಲೋಹವನ್ನು ಹಿಡಿಯಬೇಕು. ಎಲ್ಲಿವೆ ಅವು? ಬೇಸಗೆಯಲ್ಲಿ ನೂರೆಯ ಬಳ್ಳಿ ಒಣಗಿ ಉದುರಿ ಮಣ್ಣಾಗಿರುತ್ತದೆ. ಡ್ರೋನಿನ ಕಣ್ಣಿಗೆ ಬರೀ ಬೋಳು ನೆಲ. ಮಳೆ ಬಿದ್ದು ಚಿಗುರುವವರೆಗೆ ಕಾಯಬೇಕೆಂದರೆ ನಾಲ್ಕು ತಿಂಗಳು, ಆ ನಾಲ್ಕೇ ತಿಂಗಳು ಜನ ಅದನ್ನು ತಿನ್ನುವ ಕಾಲ. ಯಾವ ಕಲ್ಲಿನ ಬಲಕ್ಕೆ, ಯಾವ ಹುತ್ತದ ಹಿಂದೆ ನೂರೆ ಕೂತಿದೆ ಎಂದು ಬೇಸಗೆಯಲ್ಲೂ ಹೇಳಬಲ್ಲವರು ಪೋಡಿನ ಹೆಂಗಸರು ಮಾತ್ರ.

“ಅವರ ಸಹಾಯ ಕೇಳೋಣ,” ಎಂದ ಪ್ರಚಾರ ವಿಭಾಗದ ಮಧುಕರ. “ಆದ್ರೆ ಕಾರಣ ಹೇಳೋದು ಬೇಡ. ಬಳ್ಳಿಗೆ ರೋಗ ಬಂದಿದೆ, ತಿಂದ್ರೆ ವಾಂತಿಭೇದಿ ಆಗುತ್ತೆ ಅಂದ್ರಾಯ್ತು. ಅವ್ರೂ ತಿನ್ನೋದು ಬಿಡ್ತಾರೆ, ನಮ್ಮ ಕೆಲಸಾನೂ ಆಗುತ್ತೆ. ಹಾವೂ ಸಾಯ್ಬೇಕು, ಕೋಲೂ ಮುರೀಬಾರದು.”

ಮೇಡಂ ನನ್ನ ಮುಖ ನೋಡಿದರು. “ಹೋಗಿ ಹೇಳವರು ನೀವು. ನಿಮಗ ಬಿಟ್ಟದ್ದು.”

ನಿಜ ಹೇಳಬೇಕೆಂದರೆ ಮಧುಕರನ ಮಾತು ನನಗೆ ಹಿಡಿಸಿತು. ಬೆಟ್ಟ ಹತ್ತುವ ಜೀಪಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡೆ. ಬಳ್ಳಿಗೆ ರೋಗ. ಯಾರ ತಪ್ಪೂ ಅಲ್ಲ. ಕೇತಮ್ಮ ತಿನ್ನುವುದು ನಿಂತರೆ ಸಾಕಲ್ಲವೇ? ಕಾರಣ ಯಾವುದಾದರೇನು?

ಪೋಡಿನ ಚಾವಡಿಯಲ್ಲಿ ಎಲ್ಲರೂ ಸೇರಿದ್ದರು. ಯಜಮಾನ ದಾಸೇಗೌಡ ತಾತ ಕಂಬಕ್ಕೆ ಒರಗಿ ಕೂತಿದ್ದ. ಕೇತಮ್ಮ ಎದುರಿಗೇ, ಕಾಲು ಚಾಚಿ, ಕೈ ಹೊಟ್ಟೆಯ ಮೇಲೆ. ನಾನು ಶುರು ಮಾಡಿದೆ.

“ನೂರೆಗ ಒಂದು ರೋಗ ಬಂದದ. ಹೊಸ ಥರದ್ದು. ಅದ ತಿಂದ್ರ...”

“ನೂರೆಗ ರೋಗ್ವಾ?” ಅವ್ವ ಅಲ್ಲೇ ತಡೆದಳು. “ಏನ್ ಮಾತ ಆಡೀ ಮಗ! ನೆನ್ನ ಅಗ್ದಿವ್ನಿ, ಬೆಣ್ಣ ಇದ್ದಂಗ ಅದ. ನಮ್ಮವ್ವನ ಕಾಲ್ದಿಂದ ರೋಗ ಕಂಡಿಲ್ಲ ನೂರೆ.”

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಹುಳ ಬಿದ್ದರೆ ನಮಗೆ ತಿಳಿಯದೇ, ಕಹಿಯಾದರೆ ನಾಲಿಗೆಗೆ ತಿಳಿಯದೇ ಎಂದು ಮಾತೆದ್ದಿತು. ಅವರು ಹೇಳುವುದು ಸರಿಯೇ ಇತ್ತು. ಸಾವಿರ ವರ್ಷದಿಂದ ಬಾಯಿಂದ ಬಾಯಿಗೆ ಬಂದ ಜ್ಞಾನ ಅದು. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ವಿಷ ಮಾತ್ರ ಆ ಜ್ಞಾನಕ್ಕೆ ಹೊಸದು, ಅದನ್ನು ತಂದಿಟ್ಟವನು ನಾನು. ಕೇತಮ್ಮ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನನ್ನ ಶೂ ನೋಡಿ ನಕ್ಕರು.

ಆಗ ನನಗೆ ಅರ್ಥವಾಯಿತು. ಈ ಸುಳ್ಳನ್ನು ಅವರು ನಂಬುವುದಿಲ್ಲ. ನನಗೆ ನಮ್ಮ ಕೂಳಿನ ಬಗ್ಗೆ ನಾಚಿಕೆ ಎಂದುಕೊಂಡು, ನನ್ನ ಮೇಲಿನ ಹಠಕ್ಕೇ ಇನ್ನೂ ಎರಡು ತುಂಡು ಹೆಚ್ಚು ತಿನ್ನುತ್ತಾರೆ. ಕೇತಮ್ಮನ ಬಾಯಿಂದ ಅದನ್ನು ತಪ್ಪಿಸುವುದಕ್ಕೆ ಒಂದೇ ದಾರಿ ಇದ್ದದ್ದು.

“ನಾನು ಹೇಳ್ದು ಸುಳ್ಳು,” ಎಂದೆ. “ರೋಗ ಇಲ್ಲ. ವಿಷ ಅದ. ಕ್ವಾರಿ ವಿಷ. ಹಳ್ಳದಿಂದ ತಗ್ದು ನೂರೆಗ ತುಂಬಿದ್ದು ನಾವೇ. ಯಾರಾದ್ರೂ ಇದ ತಿಂತಾರಾ ಅಂತ ನನ್ನ ಕೇಳುದ್ರು. ಇಲ್ಲ ಅಂದೆ.”

ಕಂಬಕ್ಕೆ ಒರಗಿದ್ದ ತಾತ ನೆಟ್ಟಗೆ ಕೂತ.

“ಗೊತ್ತಿರ್ನಿಲ್ವಾ ನಿಂಗ?” ದಾಸೇಗೌಡ ತಾತ ಮೆಲ್ಲಗೆ ಕೇಳಿದ.

“ಗೊತ್ತಿತ್ತು. ನಾಚ್ಕ ಆಯ್ತು ತಾತ. ಅಷ್ಟ್ ಜನ್ರ ಮುಂದ ನಮ್ಮೋರು ಗೆಣಸು ಅಗ್ದು ತಿಂತಾರ ಅನ್ನಕ ನಾಚ್ಕ ಆಯ್ತು.”

ಯಾರಾದರೂ ಎದ್ದು ಬಂದು ಕೆನ್ನೆಗೆ ಹೊಡೆದಿದ್ದರೆ ಹಗುರಾಗುತ್ತಿತ್ತು. ಯಾರೂ ಏಳಲಿಲ್ಲ. ಕೇತಮ್ಮ ಹೊಟ್ಟೆಯ ಮೇಲಿಂದ ಕೈ ತೆಗೆಯದೆ ನನ್ನನ್ನೇ ನೋಡುತ್ತಿದ್ದಳು.

“ಇದ್ಕ ಏನಾಯ್ತದ?”

“ಮಗೀಗ ಜಾಸ್ತಿ ಹೋಗಿರಲ್ಲ ಕೇತಿ. ತಾಯಿ ಮೈಯೇ ತಡ್ದು ಇಟ್ಕತದ.”

“ಅಂದ್ರ ನನ್ನಲ್ಲದ.”

“ಹೂಂ.”

“ಹೋಯ್ತದಾ?”

“ಅರ್ಧ ಹೋಗಕ ಇಪ್ಪತ್ತೊರ್ಸ. ನಾಳೀಕೇ ಆಸ್ಪತ್ರೆಗ ಕಳುಸ್ತೀನಿ. ಇವತ್ತಿಂದ ನಿಲ್ಸುದ್ರ...”

ಅವಳು ಮುಖ ತಿರುಗಿಸಿದಳು. ಅಂದಿನಿಂದ ಇಂದಿನವರೆಗೆ ಕೇತಮ್ಮ ನನ್ನೊಡನೆ ಮಾತಾಡಿಲ್ಲ. ತಿನ್ನುವುದನ್ನು ಮಾತ್ರ ಆ ಗಳಿಗೆಗೇ ನಿಲ್ಲಿಸಿದಳು. ನಾನು ಬೇಡಿಕೊಂಡದ್ದು ಅದನ್ನೇ, ಆದ್ದರಿಂದ ಹೆಚ್ಚಿಗೆ ಕೇಳುವ ಹಕ್ಕು ನನಗಿಲ್ಲ.

ಅವ್ವ ಎದ್ದು ನನ್ನ ಹತ್ತಿರ ಬಂದಳು. ಅವಳು ಹೇಳಿದ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಸುಟ್ಟಿತು.

“ನಂದೇ ತಪ್ಪು ಕನಪ್ಪ. ನಿನ್ನ ಕಣ್ಗ ಬೀಳ್ದಂಗ ಮುಚ್ಚಿಕ್ದೋಳು ನಾನು. ಮುಚ್ದೇ ಇದ್ದಿದ್ರ ನೀ ಇಲ್ಲ ಅಂತಿರ್ನಿಲ್ಲ.”

“ಅವ್ವ, ಹಂಗ ಅನ್ಬ್ಯಾಡ,” ಎಂದು ಅವಳ ಕಾಲು ಹಿಡಿದುಕೊಂಡು ಅತ್ತೆ. ಅತ್ತಿದ್ದರಿಂದ ಯಾರ ಮೂಳೆಯೂ ಗಟ್ಟಿಯಾಗಲಿಲ್ಲ.

ಬೆಟ್ಟದಲ್ಲಿರುವ ನೂರೆಯನ್ನೆಲ್ಲ ಹುಡುಕಿ ಅಗೆದುಕೊಡಬೇಕು ಎಂದು ಬೇಡಿಕೊಂಡೆ. ತಾತ ಹೆಂಗಸರನ್ನು ಕೇಳಿದ. ಅಗೆಯಲು ಅವರು ಒಪ್ಪಿದರು. ವಿಷವೆಂದ ಮೇಲೆ ಮಕ್ಕಳು ಮರಿ ಇರುವ ಕಾಡಿನಲ್ಲಿ ಅದನ್ನು ಬಿಟ್ಟಿರುವುದು ಹೇಗೆ? ಆದರೆ ನಾನು ‘ಬುಡಸಮೇತ ಎಲ್ಲವೂ ಬೇಕು’ ಎಂದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ತಲೆಯೂವಾ?” ಎಂದಳು ಒಬ್ಬಳು.

ನೂರೆಯನ್ನು ಅಗೆದವರು ಪೂರ್ತಿ ತರುವುದಿಲ್ಲ. ಗೆಡ್ಡೆಯ ಮೇಲ್ತುದಿ, ಬಳ್ಳಿ ಹುಟ್ಟುವ ಗೇಣುದ್ದದ ತಲೆಯನ್ನು ಕತ್ತರಿಸಿ ಮತ್ತೆ ಅದೇ ಗುಂಡಿಗೆ ಇಳಿಸಿ ಮಣ್ಣು ಮುಚ್ಚುತ್ತಾರೆ. ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ. ತಲೆ ಇಡದೆ ಬಂದವಳ ಕೈಗೆ ಮತ್ತೆ ಕಾಡು ಏನೂ ಕೊಡುವುದಿಲ್ಲ ಎಂಬುದು ನಂಬಿಕೆ. ಆ ಬೆಟ್ಟದಲ್ಲಿ ಇಂದು ನೂರೆ ಇರುವುದೇ ಅಂಥ ಕೈಗಳಿಂದ. ನಮ್ಮ ಕಂಪ್ಯೂಟರು ‘ಕಾಡುಗಿಡ’ ಎಂದು ಜರಡಿ ಹಿಡಿದದ್ದು ಕಾಡುಗಿಡವೇ ಆಗಿರಲಿಲ್ಲ. ನಮ್ಮ ಅಜ್ಜಿಯರು ನೆಟ್ಟ ಬೆಳೆ.

“ತಲೆಯಲ್ಲೂ ವಿಷ ಅದ,” ಎಂದೆ.

ತಾತ ತೀರ್ಪು ಕೊಟ್ಟ. “ಅಗಿಯೋದು ಹೆಂಗಸ್ರು ಅಗೀತಾರ. ತಲೆ ಕೀಳೋದು ನಮ್ಮೋರ ಕೈಲಿ ಆಗ್ದ ಕೆಲ್ಸ. ಅದ ಇವ್ನೇ ಮಾಡ್ಲಿ. ಒಂದೊಂದ್ನೂವೆ.”

ಮರುದಿನ ಬೆಳಿಗ್ಗೆ ಹೊರಟೆವು. ಕೇಂದ್ರದವರು ಮುಚ್ಚಳದ ಪೀಪಾಯಿಗಳನ್ನು ಹೊತ್ತು ಹಿಂದೆ ಬಂದರು. ನಾಡಿಗೇರ ಮೇಡಂ ಸಹ ಸೀರೆ ಎತ್ತಿ ಕಟ್ಟಿಕೊಂಡು ಬಂದರು. ಯಾರೂ ಅವರನ್ನು ಮಾತಾಡಿಸಲಿಲ್ಲ, ಅವರೂ ಮಾತು ಬಯಸಲಿಲ್ಲ. ಅವ್ವನನ್ನು ಬರಬೇಡ ಎಂದೆ, ಸೊಂಟ ನೋಯುತ್ತದೆ ಎಂದೆ. ನನ್ನ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬೋಳು ನೆಲದಲ್ಲಿ ನಡೆಯುತ್ತ ನಡೆಯುತ್ತ ಒಂದು ಕಡೆ ನಿಂತು, ಹೆಬ್ಬೆರಳಿನಿಂದ ನೆಲ ಕೆದಕಿ, “ಇಲ್ಲದ” ಎಂದಳು. ನನಗೆ ಒಣ ಹುಲ್ಲು ಬಿಟ್ಟು ಏನೂ ಕಾಣಲಿಲ್ಲ.

ಕೋಲು ಹಾಕಿ ಅಗೆದಳು. ಮಣ್ಣು ಮೇಲೆ ಬಂತು. ಅವಳ ತೋಳು ಹೆಗಲವರೆಗೂ ಗುಂಡಿಯೊಳಗೆ ಹೋಯಿತು. ಆಮೇಲೆ ತೋಳುದ್ದದ ಗೆಡ್ಡೆ ಹೊರಬಂತು, ಎಲ್ಲಿಯೂ ಮುರಿಯದೆ, ಕೂಸನ್ನು ಎತ್ತಿಕೊಂಡ ಹಾಗೆ. ತಲೆ ಕತ್ತರಿಸಿದಳು. ಗೆಡ್ಡೆಯನ್ನು ಪೀಪಾಯಿಗೆ ಹಾಕಿದಳು. ತಲೆಯನ್ನು ಗುಂಡಿಗೆ ಇಳಿಸಿ, ಮಣ್ಣೆಳೆದು, ಅಂಗೈಯಿಂದ ಎರಡು ಸಲ ತಟ್ಟಿ, “ಹೋಗಿ ಬತ್ತೀನಿ ತಾಯಿ, ಮತ್ತ ಬಾ” ಎಂದಳು.

ಹಾಗೆಂದ ಮೇಲೆಯೇ ಅವಳಿಗೆ ನೆನಪಾದದ್ದು. ಕೈ ಮಣ್ಣಿನ ಮೇಲೇ ಇತ್ತು. ಸುತ್ತ ನೋಡಿದೆ. ಬೇರೆ ಹೆಂಗಸರೂ ಅದನ್ನೇ ಮಾಡಿದ್ದರು. ಬೆಟ್ಟದ ಆ ಮಗ್ಗುಲಲ್ಲಿ ಹನ್ನೆರಡು ಗುಂಡಿಗಳು ಆಗಲೇ ಮುಚ್ಚಿಹೋಗಿದ್ದವು. ಅವರಿಗೆ ನನ್ನ ಮೇಲೆ ಹಠವೇನೂ ಇರಲಿಲ್ಲ. ಕೈಗೆ ಬೇರೆ ಬಗೆ ತಿಳಿದಿರಲಿಲ್ಲ, ಅಷ್ಟೆ.

ನಾನು ಅವ್ವನ ಪಕ್ಕ ಮಂಡಿಯೂರಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಎದ್ದು ಹೋಗಲಿಲ್ಲ. ಅವಳು ಈಗಷ್ಟೇ ತಟ್ಟಿದ ಮಣ್ಣಿಗೆ ನಾನು ಬೆರಳು ಹಾಕಿದೆ. ಸಡಿಲ ಮಣ್ಣು, ಬಿಡಿಸುವುದು ಸುಲಭವಿತ್ತು. ತಲೆ ಕೈಗೆ ಸಿಕ್ಕಿತು. ಅದರ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಮೊಳಕೆ. ಬೇಗ ಮುಗಿಸಿಬಿಡಬೇಕೆಂದು ಜಗ್ಗಿದೆ.

“ಹಂಗ ಎಳೀಬ್ಯಾಡ,” ಎಂದಳು ಅವ್ವ. ಬಗ್ಗಿ ನನ್ನ ಮಣಿಕಟ್ಟು ಹಿಡಿದಳು. “ಅಡಿಗ ಬೆರಳು ಹಾಕು. ಬೇರು ಕಿತ್ತೋಯ್ತವ. ಅದ್ಕ ನೋಯ್ತದ. ನಿಧಾನಕ ತಗಿ ಮಗ.”

ಕುಲುಮೆಗೆ ಹೋಗಬೇಕಾದ ಅದನ್ನು ಅವಳು ಹೇಳಿಕೊಟ್ಟ ಹಾಗೆಯೇ, ಒಂದು ಬೇರೂ ಹರಿಯದಂತೆ, ನಿಧಾನವಾಗಿ ತೆಗೆದೆ.